ಹೆಲ್ಮೆಟ್ ಇದೆಯಲ್ಲ ಅಂತ ಸುಮ್ಮನಿರಬೇಡಿ

ಅಕ್ಕಾ ಅಂತ ಕರೆದು ಕೇಳಿದ್ದೀರಿ. ಸಿಯಾಟಲ್‌ಗೆ ಬಂದು ಎರಡು ತಿಂಗಳಾಯಿತು, ಒಂಬತ್ತನೇ ಕ್ಲಾಸಿನ ಮಗ ಸ್ಕೂಲಿನ ಅಮೆರಿಕನ್ ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಡಿಕ್ಕಿ ಹೊಡೆದು ಕೆಡವುವ ಆಟ) ಟೀಮಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ, ಹೆಲ್ಮೆಟ್ ಹಾಕಿರುತ್ತಾರೆ, ಭಯ ಇಲ್ಲ ಅಲ್ವಾ ಅಂತ. ಭಯ ಇದೆ. ನನ್ನ ಮಗನೂ ಇಲ್ಲೇ ಎರಡು ವರ್ಷ ಆಡಿದವನು, ಅದಕ್ಕೇ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಬುರುಡೆ ಒಡೆಯದ ಹಾಗೆ ಹೆಲ್ಮೆಟ್ ನೋಡಿಕೊಳ್ಳುತ್ತದೆ, ನಿಜ. ಒಳಗೆ ಮಿದುಳು ಅಲ್ಲಾಡುವುದನ್ನು ತಡೆಯಲು ಅದರ ಕೈಲಿ ಆಗುವುದಿಲ್ಲ. ತೆಂಗಿನಕಾಯಿ ಕೊಳ್ಳುವಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ, ಚಿಪ್ಪು ಗಟ್ಟಿಯಾಗೇ ಇರುತ್ತದೆ, ಒಳಗೆ ನೀರು ಕುಲುಕುತ್ತದೆ. ಓಡಿ ಬಂದು ಡಿಕ್ಕಿ ಹೊಡೆದಾಗ ಆಗುವುದೂ ಹಾಗೇ. ಇಲ್ಲಿ ಅದನ್ನು ಕನ್‌ಕಷನ್ ಅನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

ನನ್ನ ಮಗನಿಗೆ ಏಟು ಬಿದ್ದ ರಾತ್ರಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಆಟ ಮುಗಿಸಿ ತಾನೇ ನಡೆದು ಬಂದು ಕಾರಲ್ಲಿ ಕೂತ. "ಅಮ್ಮಾ, ನನ್ನ ಬ್ಯಾಗ್ ಎಲ್ಲಿ?" ಅಂದ. ಬ್ಯಾಗು ಅವನ ತೊಡೆ ಮೇಲೇ ಇತ್ತು. ತೋರಿಸಿದೆ. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು, ಕಾರು ತಿರುಗಿಸಿ ಸೀದಾ ಎಮರ್ಜೆನ್ಸಿಗೆ ಹೋದೆ. ಆಮೇಲೆ ಮೂರು ವಾರ ಟ್ಯೂಬ್‌ಲೈಟಿನ ಬೆಳಕೂ ಅವನಿಗೆ ಆಗುತ್ತಿರಲಿಲ್ಲ. ಆಟದ ನಾಲ್ಕು ಭಾಗಗಳಲ್ಲಿ ಎರಡನೆಯದರಲ್ಲೇ ತಲೆ ಸುತ್ತಿತ್ತಂತೆ. ಟೀಮ್ ಸೋಲುತ್ತದೆ ಅಂತ ಯಾರಿಗೂ ಹೇಳಿರಲಿಲ್ಲ.

ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ. ಮೊದಲ ಏಟು ಮಾಗುವ ಮುಂಚೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯ. 2006ರಲ್ಲಿ ಇದೇ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಹುಡುಗನೊಬ್ಬ ತಲೆಗೆ ಏಟು ಬಿದ್ದ ಮೇಲೂ ಮತ್ತೆ ಆಟಕ್ಕಿಳಿದ. ಆಟ ಮುಗಿದ ಮೇಲೆ ಕುಸಿದು ಬಿದ್ದ. ಜೀವ ಉಳಿಯಿತು, ಆದರೆ ಮಾತು, ನಡಿಗೆ ಎಲ್ಲ ಮೊದಲಿನಿಂದ ಕಲಿಯಬೇಕಾಯಿತು. ಅವನ ಹೆಸರಲ್ಲೇ 2009ರಲ್ಲಿ ಲಿಸ್ಟೆಟ್ ಕಾಯ್ದೆ ಬಂತು. ಕನ್‌ಕಷನ್ ಅನುಮಾನ ಬಂದರೂ ಸಾಕು, ಮಗುವನ್ನು ಆಟದಿಂದ ಹೊರಗೆ ಕೂರಿಸಬೇಕು. ವೈದ್ಯಕೀಯ ಲೈಸೆನ್ಸ್ ಇರುವವರು ನೋಡಿ ಬರೆದುಕೊಡುವ ತನಕ ಆಡಿಸುವ ಹಾಗಿಲ್ಲ. ಈಗ ಎಲ್ಲಾ 50 ರಾಜ್ಯಗಳಲ್ಲೂ ಇಂಥ ಕಾನೂನಿದೆ.

ದೊಡ್ಡವರ ಆಟದ ಕಥೆ ಇನ್ನೂ ಕಹಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ 2002ರಲ್ಲಿ 50ನೇ ವಯಸ್ಸಿಗೇ ತೀರಿಕೊಂಡರು. ವರ್ಷಗಟ್ಟಲೆ ಬಿದ್ದ ಏಟುಗಳಿಂದ ಬರುವ ಸಿಟಿಇ ಅನ್ನುವ ಕಾಯಿಲೆಯನ್ನು ಅವರ ಮಿದುಳಿನಲ್ಲಿ ಗುರುತಿಸಿದವರು ನೈಜೀರಿಯಾದಿಂದ ಬಂದ ಡಾಕ್ಟರ್ ಬೆನೆಟ್ ಒಮಾಲು. ನಮ್ಮ ಹಾಗೆ ಹೊರಗಿಂದ ಬಂದವರೇ. ಅದರ ಬಗ್ಗೆ ಅವರು ಬರೆದ ಲೇಖನವನ್ನು ಹಿಂತೆಗೆಯಿರಿ ಅಂತ ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್) ಸಮಿತಿಯ ವೈದ್ಯರು ಒತ್ತಾಯಿಸಿದರು, ಒಮಾಲು ಜಗ್ಗಲಿಲ್ಲ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ಎನ್‌ಎಫ್‌ಎಲ್ ಆಟಗಾರರ 111 ಮಿದುಳು ಪರೀಕ್ಷಿಸಿದಾಗ 110ರಲ್ಲಿ ಇದೇ ಕಾಯಿಲೆ ಇತ್ತು. ಅವು ದಾನವಾಗಿ ಬಂದ ಮಿದುಳುಗಳು, ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಕೊಟ್ಟಿದ್ದು. ಆಡಿದವರಿಗೆಲ್ಲ ಬರುತ್ತದೆ ಅಂತ ಅರ್ಥವಲ್ಲ.

ಸಾಧ್ಯವಾದರೆ ಮೊದಲು ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿ. ಅದರಲ್ಲಿ ಕೆಡವುವುದಿಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಅದು ಇದೆ. ಕೇಳಲೇ ಇಲ್ಲ ಅಂದರೆ, ಪ್ರತಿ ವರ್ಷ ನೀವೂ ಅವನೂ ಸಹಿ ಹಾಕಬೇಕಾದ ಕನ್‌ಕಷನ್ ಹಾಳೆಯನ್ನು ಇಬ್ಬರೂ ಕೂತು ಓದಿ. ಆಟದ ದಿನ ಆಟಗಾರರ ಗಾಯ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಇರುತ್ತಾರಾ, ವಾರಕ್ಕೆ ಎಷ್ಟು ದಿನ ಮೈಗೆ ಮೈ ತಾಗಿಸಿ ಪ್ರಾಕ್ಟೀಸ್ ಮಾಡಿಸುತ್ತಾರೆ ಅಂತ ಕೋಚ್‌ನ ಕೇಳಿ. ಮೇಷ್ಟ್ರನ್ನು ಪ್ರಶ್ನೆ ಮಾಡಬಾರದು ಅನ್ನುವ ಸಂಕೋಚ ನನಗೂ ಇತ್ತು. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಶನಿವಾರ ಮಗನನ್ನು ಕರೆದುಕೊಂಡು ಊಟಕ್ಕೆ ಬನ್ನಿ. ನನ್ನ ಮಗನೂ ಕಾಲೇಜಿಂದ ಬಂದಿರುತ್ತಾನೆ. ತಲೆ ಸುತ್ತಿದರೆ ಮುಚ್ಚಿಡಬೇಡ ಅನ್ನುವ ಮಾತನ್ನು ನಾವು ಹೇಳುವುದಕ್ಕಿಂತ ಅವನ ಬಾಯಿಂದ ಕೇಳಲಿ.