ಹೊಲುಂಡರ್ ಹೂವಿನ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ಇಂಗ್ಲಿಷಿನಲ್ಲಿ ಎಲ್ಡರ್ ಎನ್ನುವ ಯುರೋಪಿನ ಗಿಡದ ಹೂವಿನ ಬಗ್ಗೆ ಮ್ಯೂನಿಕ್‌ನಿಂದ ನೀವು ಕಳಿಸಿದ ‘ಹೊಲುಂಡರ್: ಹೂವೊಂದು, ಗುಣ ನೂರು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಿಂದಿರುಗಿಸಿ ಕೈತೊಳೆದುಕೊಳ್ಳಲೂ ಮನಸ್ಸಾಗುತ್ತಿಲ್ಲ. ಅದಕ್ಕೆ ನಿಮ್ಮ ಕೊನೆಯ ಪುಟವೇ ಕಾರಣ.

ಅಲ್ಲಿ ನಿಮ್ಮ ಪಕ್ಕದ ಮನೆಯ ವೃದ್ಧೆ ಹೂಗೊಂಚಲನ್ನು ಕೊಡವಿ ಹುಳ ಉದುರಿಸುತ್ತಾರೆ. ನೀವು ತೊಳೆಯಲು ಹೊರಟರೆ ತಡೆಯುತ್ತಾರೆ. ಮೈದಾ, ಮೊಟ್ಟೆ, ಬಿಯರ್ ಸೇರಿಸಿ ಕಲಸಿದ ಹಿಟ್ಟಿನಲ್ಲಿ ಗೊಂಚಲನ್ನು ತೊಟ್ಟು ಹಿಡಿದೇ ಅದ್ದಿ, ತಲೆಕೆಳಗಾಗಿ ಎಣ್ಣೆಗೆ ಬಿಡುತ್ತಾರೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಹೊಲ್ಲರ್‌ಕ್ಯೂಖೆಲ್ ಇದು. ನೀವು ‘ಹೂವಿನ ಬಜ್ಜಿ’ ಎಂದು ಹೇಳಿ ಮುಂದೆ ಓಡಿದ್ದೀರಿ. ತೊಳೆಯಬಾರದೇಕೆ ಎಂಬುದನ್ನೇ ಬರೆದಿಲ್ಲ! ಪರಿಮಳ ಮತ್ತು ರುಚಿಯ ದೊಡ್ಡ ಪಾಲು ಆ ಹಳದಿ ಪರಾಗದಲ್ಲಿದೆ. ತೊಳೆದರೆ ಅದು ನೀರುಪಾಲು. ಮಳೆ ನಿಂತ ಕೂಡಲೇ ಕೊಯ್ಯದೆ, ಒಣ ಬಿಸಿಲಿಗೆ ಕಾಯುವುದಕ್ಕೂ ಅದೇ ಕಾರಣ. ಎಣ್ಣೆಗೆ ಬಿಟ್ಟಾಗ ಹೂ ಹೇಗೆ ಅರಳಿತು, ತೊಟ್ಟನ್ನು ಹಿಡಿದು ತಿಂದು ತೊಟ್ಟನ್ನಷ್ಟೇ ಉಳಿಸುವುದು ಹೇಗೆ, ಆಕೆ ಏನು ಹೇಳುತ್ತಿದ್ದರು? ಲೇಖನ ಇಲ್ಲಿಂದಲೇ ಶುರುವಾಗಲಿ.

ಅದಕ್ಕೆ ಮುಂಚಿನ ಪುಟಗಳಲ್ಲಿ ಬಹಳಷ್ಟನ್ನು ಕತ್ತರಿಸಬೇಕು. 2018ರಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿಯ ಮದುವೆಯ ಕೇಕಿನಲ್ಲಿ ನಿಂಬೆಯ ಜೊತೆ ಈ ಹೂವಿನ ರುಚಿ ಇತ್ತೆಂಬುದು ನಿಜವೇ. ಅದಕ್ಕೆ ಅರ್ಧ ಪುಟವೇಕೆ? ಮರ ಕಡಿಯುವ ಮುನ್ನ ಅನುಮತಿ ಕೇಳಬೇಕಾದ ‘ಹೊಲುಂಡರ್ ತಾಯಿ’ ಹ್ಯುಲ್ಡೆಮೋರ್ ಡೆನ್ಮಾರ್ಕಿನ ನಂಬಿಕೆಯವಳು. ಅವಳನ್ನು ಬವೇರಿಯಾದಲ್ಲಿ ನೆಲೆಗೊಳಿಸಿದ್ದೀರಿ. ‘ನಮ್ಮ ಆಯುರ್ವೇದದಲ್ಲೂ ಉಲ್ಲೇಖವಿದೆ’ ಎಂದಿದ್ದೀರಿ. ಯಾವ ಗ್ರಂಥ, ಯಾವ ಅಧ್ಯಾಯ? ಆಧಾರ ಕೊಡದಿದ್ದರೆ ಆ ವಾಕ್ಯ ಹೋಗುತ್ತದೆ. ಯುರೋಪಿನ ಹೂವಿಗೆ ಯುರೋಪಿನ ಬೇರು ಸಾಕು.

ಇಂಗ್ಲೆಂಡಿನ ಸಿರಪ್ಪನ್ನೂ ರುಮೇನಿಯಾದ ಸೊಕಾತಾ ಪಾನೀಯವನ್ನೂ ಒಂದೇ ಎಂಬಂತೆ ಬರೆದಿದ್ದೀರಿ. ಮೊದಲನೆಯದಕ್ಕೆ ಹೂವನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ನಿಂಬೆ, ಸಿಟ್ರಿಕ್ ಆಮ್ಲದ ಜೊತೆ ನೆನೆಸಿ ಸೋಸುತ್ತಾರೆ, ಅಲ್ಲಿ ಹುದುಗಬಾರದು. ಸೊಕಾತಾಕ್ಕೆ ಹುದುಗಲೇಬೇಕು. ತೆಳು ಸಕ್ಕರೆ ನೀರಿಗೆ ಹೂ, ನಿಂಬೆ ಹಾಕಿ ಭರಣಿಯನ್ನು ಬೆಚ್ಚಗೆ ಇಟ್ಟರೆ, ಹೂವಿನ ಮೇಲಿರುವ ಯೀಸ್ಟೇ ಕೆಲವು ದಿನಗಳಲ್ಲಿ ಗುಳ್ಳೆ ಎಬ್ಬಿಸುತ್ತದೆ. ತೊಳೆಯಬೇಡಿ ಎಂದ ಆ ಅಜ್ಜಿಯ ಮಾತಿಗೆ ಇಲ್ಲಿ ಎರಡನೆಯ ಕಾರಣ ಸಿಗುತ್ತದೆ, ನೋಡಿ.

ಔಷಧದ ಭಾಗದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ಒಣ ಹೂವಿನ ಚಹಾ ಕುಡಿದು ಹೊದ್ದು ಮಲಗಿ ನೆಗಡಿಗೆ ಬೆವರು ತರಿಸಿಕೊಳ್ಳುವುದು ಜರ್ಮನಿಯ ಮನೆಮದ್ದು, ಅಷ್ಟನ್ನು ಹೇಳಿ. ‘ಫ್ಲೂ ಗುಣಪಡಿಸುತ್ತದೆ’ ಎಂಬುದನ್ನು ತೆಗೆಯಿರಿ. ನೀವು ಆಧಾರವಾಗಿ ಕೊಟ್ಟ ಪ್ರಯೋಗಗಳು ಹಣ್ಣಿನ ಸಾರದ ಮೇಲೆ ನಡೆದವು, ಹೂವಿನ ಮೇಲಲ್ಲ. ಇನ್ನು ‘ಗಿಡದ ಎಲ್ಲ ಭಾಗವೂ ಉಪಯುಕ್ತ’ ಎಂಬ ಸಾಲು ಅಪಾಯಕಾರಿ. ಎಲೆ, ತೊಗಟೆ, ಹಸಿರು ಕಾಂಡ, ಕಾಯಿಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಎಲ್ಡರ್ ಗಿಡದ ಹಣ್ಣುಗಳನ್ನು ಎಲೆ, ಕೊಂಬೆ ಸಮೇತ ಹಿಂಡಿದ ಹಸಿ ರಸ ಕುಡಿದ ಹಲವರು ವಾಂತಿಯಿಂದ ಆಸ್ಪತ್ರೆ ಸೇರಿದ್ದರು. ದಪ್ಪ ತೊಟ್ಟು ಬಿಡಿಸಿ ಹೂವನ್ನಷ್ಟೇ ಬಳಸಬೇಕು, ಹಣ್ಣನ್ನು ಬೇಯಿಸಿಯೇ ತಿನ್ನಬೇಕು ಎಂಬುದನ್ನು ಪಾಕವಿಧಾನದ ಒಳಗೇ ಬರೆಯಿರಿ. ಕೆಳಗೆ ಸಣ್ಣ ಅಕ್ಷರದ ಸೂಚನೆಯಾಗಿ ಬೇಡ.

ಚಿತ್ರಗಳ ಬಗ್ಗೆ ಒಂದು ಮಾತು. ನೀವು ಕಳಿಸಿದ ಎರಡನೆಯ ಚಿತ್ರದ ಗಿಡಕ್ಕೆ ಮರದಂಥ ಕಾಂಡವಿಲ್ಲ, ಎಲೆಯಲ್ಲಿ ಒಂಬತ್ತು ಕಿರುಎಲೆಗಳಿವೆ, ಕೇಸರಗಳ ತುದಿ ಹಳದಿಯ ಬದಲು ಕೆನ್ನೇರಳೆ. ಅದು ಕುಬ್ಜ ಹೊಲುಂಡರ್, ವಿಷದ ಗಿಡ. ಅದನ್ನು ಎಲ್ಲಿ ತೆಗೆದಿರಿ, ಅಲ್ಲಿಂದ ಹೂ ಕೊಯ್ದಿದ್ದೀರಾ ಎಂಬುದನ್ನು ದಯವಿಟ್ಟು ಇಂದೇ ತಿಳಿಸಿ. ಲೇಖನ ಆಮೇಲೆ ಬಂದರೂ ಆದೀತು.