ಕ್ವಾಂಟಂ ಪೇಪರ್‌ಗೆ ರಜೆಯಲ್ಲಿ ಏನು ಓದಬೇಕು?

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷ ಮುಗಿಯಿತು. ಮುಂದಿನ ವರ್ಷ ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಂ ಮೆಕ್ಯಾನಿಕ್ಸ್ ಇವೆ. ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ರಜೆಯಲ್ಲೇ ಕ್ವಾಂಟಂ ಪುಸ್ತಕ ಓದಲು ಶುರು ಮಾಡಲೇ?

ಉತ್ತರ: ಈಗಲೇ ಬೇಡ. ಈ ಪೇಪರ್‌ಗಳಲ್ಲಿ ಹೆಚ್ಚಿನವರು ಎಡವುವುದು ಫಿಸಿಕ್ಸ್‌ನಲ್ಲಲ್ಲ, ಅದರಡಿಯ ಗಣಿತದಲ್ಲಿ. ಬೋರ್ಡಿನ ಮೇಲೆ ಒಂದು ಸಾಲಿನಲ್ಲಿ ಹ್ಯಾಮಿಲ್ಟೋನಿಯನ್ (ವ್ಯವಸ್ಥೆಯ ಒಟ್ಟು ಶಕ್ತಿಯನ್ನು ಹೇಳುವ ಗಣಿತ ರೂಪ), ಮುಂದಿನ ಸಾಲಿನಲ್ಲೇ ಐಗನ್‌ವ್ಯಾಲ್ಯೂ (ಮ್ಯಾಟ್ರಿಕ್ಸ್ ಕೆಲವು ವಿಶೇಷ ವೆಕ್ಟರ್‌ಗಳನ್ನು ಎಷ್ಟು ಪಟ್ಟು ಮಾಡುತ್ತದೋ ಆ ಸಂಖ್ಯೆ; ಆ ವೆಕ್ಟರ್‌ಗಳೇ ಐಗನ್‌ವೆಕ್ಟರ್). ನಡುವಿನ ಲೆಕ್ಕ ಕೈಗೆ ಹತ್ತದಿದ್ದರೆ ಅಲ್ಲಿಂದಾಚೆ ಎಲ್ಲವೂ ಬಾಯಿಪಾಠ. ರಜೆಯನ್ನು ಆ ಲೆಕ್ಕಕ್ಕೇ ಕೊಡಿ.

ಶುರುವಿಗೆ ಒಂದೇ ಲೆಕ್ಕ ಸಾಕು. ಎರಡು ಗೋಡೆಗಳ ನಡುವೆ ಸಾಲಾಗಿ ಮೂರು ಒಂದೇ ತರಹದ ಸ್ಪ್ರಿಂಗ್, ಅವುಗಳನ್ನು ಜೋಡಿಸುವ ಎರಡು ಸಮ ತೂಕದ ಗುಂಡು. ಸ್ಪ್ರಿಂಗ್ ಸ್ಥಿರಾಂಕ ಕೆ, ಗುಂಡಿನ ದ್ರವ್ಯರಾಶಿ ಎಂ. ನ್ಯೂಟನ್ನನ ನಿಯಮ ಹಾಕಿದರೆ ಮೊದಲ ಸಾಲು 2, –1, ಎರಡನೇ ಸಾಲು –1, 2 ಇರುವ ಮ್ಯಾಟ್ರಿಕ್ಸ್ ಸಿಗುತ್ತದೆ. ಐಗನ್‌ವ್ಯಾಲ್ಯೂ 1 ಮತ್ತು 3. ಅಂದರೆ ಕೋನೀಯ ಆವರ್ತನದ ವರ್ಗ ಕೆ/ಎಂ ಮತ್ತು 3ಕೆ/ಎಂ. ಮೊದಲನೆಯದರಲ್ಲಿ ಗುಂಡುಗಳು ಜೊತೆಯಾಗಿ ಓಲಾಡುತ್ತವೆ, ನಡುವಿನ ಸ್ಪ್ರಿಂಗ್ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎರಡನೆಯದರಲ್ಲಿ ಎದುರುಬದುರು ಚಲಿಸುತ್ತವೆ.

ಸಾಮಾನ್ಯವಾಗಿ ತಪ್ಪುವುದು ನಡುವಿನ ಸ್ಪ್ರಿಂಗ್‌ನ ಚಿಹ್ನೆ. ಅದನ್ನು ತಿರುಗಿಸಿ ಬರೆದರೆ ಆವರ್ತನದ ವರ್ಗ ಒಂದು ಕಡೆ –ಕೆ/ಎಂ ಬರುತ್ತದೆ. ಸ್ಪ್ರಿಂಗ್ ವ್ಯವಸ್ಥೆಯಲ್ಲಿ ಮೈನಸ್ ಕಂಡರೆ ಮುಂದೆ ಹೋಗಬೇಡಿ, ಬಲದ ಚಿತ್ರಕ್ಕೆ ವಾಪಸ್ ಬನ್ನಿ.

ಉತ್ತರ ಬಂತೆಂದು ಪುಸ್ತಕ ಮುಚ್ಚಬೇಡಿ. ಮೊದಲ ಗುಂಡನ್ನಷ್ಟೇ ಎಳೆದು ಬಿಟ್ಟರೆ ಏನಾಗುತ್ತದೆ? ಆ ಸ್ಥಿತಿಯನ್ನು ಎರಡೂ ಐಗನ್‌ವೆಕ್ಟರ್‌ಗಳ, ಅಂದರೆ ಮೇಲಿನ ಎರಡು ಬಗೆಯ ಓಲಾಟಗಳ, ಅರ್ಧರ್ಧ ಮೊತ್ತವಾಗಿ ಬರೆಯಿರಿ, ಪ್ರತಿಯೊಂದನ್ನೂ ಅದರದೇ ಆವರ್ತನದಲ್ಲಿ ಓಡಿಸಿ, ಮತ್ತೆ ಕೂಡಿಸಿ. ಕ್ವಾಂಟಂನಲ್ಲಿ ಎರಡು ಸ್ಥಿತಿಗಳ ವ್ಯವಸ್ಥೆ ಕಾಲದೊಂದಿಗೆ ಬದಲಾಗುವುದನ್ನು ಬಿಡಿಸುವ ದಾರಿ ಇದೇ. ಇಷ್ಟನ್ನು ಪುಸ್ತಕ ನೋಡದೆ ಮಾಡಬಲ್ಲವರಿಗೆ ಆ ಪೇಪರ್‌ನ ಅರ್ಧ ಭಯ ಹೋಗುತ್ತದೆ. ಅದೇ ಲೆಕ್ಕವನ್ನು ಲಗ್ರಾಂಜಿಯನ್‌ನಿಂದ (ಚಲನಶಕ್ತಿಯಿಂದ ವಿಭವಶಕ್ತಿ ಕಳೆದದ್ದು) ಇನ್ನೊಮ್ಮೆ ಬಿಡಿಸಿದರೆ ಕ್ಲಾಸಿಕಲ್ ಮೆಕ್ಯಾನಿಕ್ಸ್‌ನ ತಯಾರಿಯೂ ಆಯಿತು.

ಕಾಂಪ್ಲೆಕ್ಸ್ ಎಕ್ಸ್‌ಪೊನೆನ್ಷಿಯಲ್ ಮತ್ತು ಗೌಸಿಯನ್ ಇಂಟಿಗ್ರಲ್ (ಗಂಟೆಯಾಕಾರದ ವಕ್ರರೇಖೆಯ ಇಂಟಿಗ್ರಲ್) ರೂಢಿಯಲ್ಲಿರಲಿ.

ಸಂಖ್ಯೆ ಹಾಕುವ ಅಭ್ಯಾಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅದು ದೊಡ್ಡ ನಷ್ಟ. 1 ನ್ಯಾನೊಮೀಟರ್ ಅಗಲದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್ ಇದೆ ಎನ್ನಿ. ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗದ ಗುಣಲಬ್ಧ 1240 ಇಲೆಕ್ಟ್ರಾನ್‌ವೋಲ್ಟ್-ನ್ಯಾನೊಮೀಟರ್, ಎಲೆಕ್ಟ್ರಾನಿನ ವಿಶ್ರಾಂತ ಶಕ್ತಿ 5,11,000 ಇಲೆಕ್ಟ್ರಾನ್‌ವೋಲ್ಟ್. 1240ರ ವರ್ಗವನ್ನು 8 ಗುಣಿಸು 5,11,000ರಿಂದ ಭಾಗಿಸಿದರೆ ಮೊದಲ ಶಕ್ತಿ ಮಟ್ಟ 0.38 ಇಲೆಕ್ಟ್ರಾನ್‌ವೋಲ್ಟ್, ಎರಡನೆಯದು ಅದರ ನಾಲ್ಕರಷ್ಟು. ಜೂಲ್, ಕಿಲೋಗ್ರಾಂ ಹಿಡಿದು ಹೊರಟರೆ ಹತ್ತರ ಘಾತಗಳಲ್ಲೇ ತಪ್ಪಾಗುತ್ತದೆ.

ಲೆಜೆಂಡರ್, ಹರ್ಮೈಟ್ ಪಾಲಿನೋಮಿಯಲ್‌ಗಳನ್ನು ಈಗ ಮುಟ್ಟಬೇಕಿಲ್ಲ. ಹರ್ಮೈಟ್ ಆಸಿಲೇಟರ್ ಪಾಠದಲ್ಲಿ, ಲೆಜೆಂಡರ್ ಹೈಡ್ರೋಜನ್ ಪರಮಾಣುವಿನ ಪಾಠದಲ್ಲಿ ಬಂದಾಗ ಕಲಿತರೆ ಸಾಕು.