ವಾರ ಬಿಟ್ಟು ಪಾಯಿಂಟಿಗೆ ಬದಲಾಗಬೇಕಾ?

ಪ್ರಶ್ನೆ: ಸಾರ್, 2014ರಲ್ಲಿ ಒಂದು ರೆಸಾರ್ಟ್ ಕಂಪನಿಯ 25 ವರ್ಷದ ಹಾಲಿಡೇ ಮೆಂಬರ್‌ಶಿಪ್ ತೆಗೆದುಕೊಂಡೆವು. ವರ್ಷಕ್ಕೆ 7 ರಾತ್ರಿ, ಜೊತೆಗೆ ಪ್ರತಿ ವರ್ಷ ಮೇಂಟೆನೆನ್ಸ್. ಈಗ ಇನ್ನಷ್ಟು ದುಡ್ಡು ಕಟ್ಟಿ ಪಾಯಿಂಟ್ ಸ್ಕೀಮಿಗೆ (ರಾತ್ರಿಗಳ ಬದಲು ಪಾಯಿಂಟ್ ಕೊಡುತ್ತಾರೆ, ಅದನ್ನು ಖರ್ಚು ಮಾಡಿ ರೂಮ್ ಬುಕ್ ಮಾಡಬೇಕು) ಬನ್ನಿ ಅಂತ ಫೋನ್ ಮೇಲೆ ಫೋನ್. ಇಲ್ಲದಿದ್ದರೆ ಮುಂದೆ ರೂಮ್ ಸಿಗುವುದು ಕಷ್ಟವಂತೆ. ರೆಸಾರ್ಟಿನಲ್ಲಿ ನಮ್ಮದೂ ಪಾಲಿಲ್ಲವೇ? ಅವರು ಹೀಗೆ ಬದಲಾಯಿಸಬಹುದಾ?
– ಓದುಗರು, ದಾವಣಗೆರೆ

ಉತ್ತರ: ಪಾಲು ಬಹುಶಃ ಇಲ್ಲ. ಅಮೆರಿಕದ ಫ್ಲಾರಿಡಾದಂಥ ಕಡೆ ರೆಸಾರ್ಟ್ ರೂಮಿನ ವರ್ಷದ ಒಂದು ವಾರವನ್ನೇ ಕ್ರಯಪತ್ರ ಮಾಡಿ ನೋಂದಣಿ ಮಾಡಿಸಿಕೊಡುವುದುಂಟು. ನಮ್ಮಲ್ಲಿ ಮಾರುವುದು ಸಾಮಾನ್ಯವಾಗಿ ಬಳಸುವ ಹಕ್ಕು ಮಾತ್ರ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಹೆಸರಿಗೆ ಏನೂ ನೋಂದಣಿ ಆಗಿಲ್ಲ ಅಂದರೆ, ನಿಮ್ಮ ಹಕ್ಕೆಲ್ಲ ಅಂದು ಸಹಿ ಹಾಕಿದ ಒಪ್ಪಂದದಲ್ಲೇ ಇದೆ. ಟೈಮ್‌ಶೇರ್‌ಗೆ, ಅಂದರೆ ವರ್ಷಕ್ಕಿಷ್ಟು ದಿನ ಅಂತ ಮಾರುವ ಇಂಥ ಮೆಂಬರ್‌ಶಿಪ್‌ಗೆ, ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ.

ಹಾಗಂತ ಹೆದರಬೇಡಿ. ಆ ಒಪ್ಪಂದ ಅವರನ್ನೂ ಕಟ್ಟಿಹಾಕುತ್ತದೆ. ‘ಕಂಪನಿ ಕಾಲಕಾಲಕ್ಕೆ ನಿಯಮ ಬದಲಾಯಿಸಬಹುದು’ ಅನ್ನುವ ಸಾಲು ಅದರಲ್ಲಿ ಇದ್ದೇ ಇರುತ್ತದೆ, ಹುಡುಕಿ ಓದಿ. ಚೆಕ್ ಇನ್ ಸಮಯ, ಬುಕಿಂಗ್ ರೀತಿ ಬದಲಾದರೆ ಸರಿ, ಆದರೆ 7 ರಾತ್ರಿಯನ್ನೇ ತೆಗೆದು ಪಾಯಿಂಟ್ ಕೊಡೋದು ಬೇರೆ ಮಾತು, ನೀವು ದುಡ್ಡು ಕೊಟ್ಟಿದ್ದೇ ಆ ರಾತ್ರಿಗಳಿಗೆ ಅಲ್ವಾ? ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಬದಲಾಯಿಸಿದರೆ ಖಂಡಿತ ಪ್ರಶ್ನಿಸಬಹುದು.

ನನ್ನನ್ನು ಕೇಳಿದರೆ, ಬದಲಾಗಬೇಡಿ. 7 ರಾತ್ರಿ ಅಂದರೆ 2014ರಲ್ಲೂ 7, 2035ರಲ್ಲೂ 7. ಪಾಯಿಂಟ್ ಹಾಗಲ್ಲ, ಅದು ಕಂಪನಿಯೇ ಅಚ್ಚು ಹಾಕಿ ಕಂಪನಿಯೇ ಬೆಲೆ ಕಟ್ಟುವ ನಾಣ್ಯವಿದ್ದಂತೆ. ಯಾವ ರಾತ್ರಿಗೆ ಎಷ್ಟು ಪಾಯಿಂಟ್ ಅನ್ನುವ ಚಾರ್ಟ್ ಅವರ ಕೈಯಲ್ಲಿದೆ. ದಸರಾ ರಜೆಗೂ ಮೇ ತಿಂಗಳ ಶನಿವಾರಕ್ಕೂ ಅವರು ಪಾಯಿಂಟ್ ಏರಿಸಿದರೆ, ಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯವರು ಏನು ಮಾಡಬೇಕು? ಅಮೆರಿಕದಲ್ಲಿ ಡಿಸ್ನಿ ಕಂಪನಿಯ ಇಂಥದೇ ಸ್ಕೀಮ್ ಆದ ಡಿಸ್ನಿ ವೆಕೇಶನ್ ಕ್ಲಬ್ 1991ರಿಂದಲೂ ಪಾಯಿಂಟ್ ಮೇಲೆಯೇ ನಡೆದಿದೆ, ಆದರೆ ಅಲ್ಲಿ ಒಂದು ದಿನಕ್ಕೆ ಪಾಯಿಂಟ್ ಹೆಚ್ಚಿಸಿದರೆ ಇನ್ನೊಂದು ದಿನಕ್ಕೆ ಇಳಿಸಬೇಕು, ವರ್ಷದ ಒಟ್ಟು ಮೊತ್ತ ಏರುವಂತಿಲ್ಲ. ನಿಮಗೆ ಅಂಥ ಭರವಸೆಯನ್ನು ಬರಹದಲ್ಲಿ ಕೊಡ್ತಾರಾ, ಕೇಳಿ ನೋಡಿ. ಒಂದಿಷ್ಟು ಹೊಂದಿಕೊಳ್ಳುವ ಅನುಕೂಲ ಪಾಯಿಂಟಿನಲ್ಲಿದೆ ನಿಜ. ಎರಡು ದಿನಕ್ಕೂ ಹೋಗಬಹುದು, ಚಿಕ್ಕ ರೂಮೂ ಸಿಗುತ್ತದೆ. ಅದಕ್ಕೆ ಮತ್ತೆ ದುಡ್ಡು ಕಟ್ಟುವ ಮೊದಲು, ನೀವು ಸಾಮಾನ್ಯವಾಗಿ ಹೋಗುವ ದಿನಗಳನ್ನೇ ಹಿಡಿದು ಲೆಕ್ಕ ಹಾಕಿ. ಮೇಂಟೆನೆನ್ಸ್ ಎಷ್ಟು ಏರುತ್ತದೆ ಅಂತಲೂ ಕೇಳಿ.

‘ರೂಮ್ ಸಿಗಲ್ಲ’ ಅನ್ನೋದನ್ನು ಇಮೇಲ್‌ನಲ್ಲಿ ಕಳಿಸಿ ಅನ್ನಿ. ನಿಜವಾಗಿಯೂ ಬುಕಿಂಗ್ ನಿರಾಕರಿಸಿದರೆ ಆ ಉತ್ತರಗಳನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಊರಲ್ಲೇ ದೂರು ಹಾಕಬಹುದು, ಕಂಪನಿ ಆಫೀಸ್ ಇರುವ ಊರಿಗೆ ಅಲೆಯಬೇಕಿಲ್ಲ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ 2 ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ. ಒಪ್ಪಂದದ ಷರತ್ತೇ ಅನ್ಯಾಯದ್ದು ಅಂತ ವಾದಿಸುವುದಾದರೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು.

ಪ್ರಶ್ನೆ: ನಮ್ಮ ಮೆಂಬರ್‌ಶಿಪ್ ಕೊಳ್ಳುವವರಿದ್ದಾರೆ, ಮೊದಲು ಜಿಎಸ್‌ಟಿ ಕಟ್ಟಿ ಅಂತ ಯಾರೋ ಫೋನ್ ಮಾಡಿದ್ದರು. ಕಟ್ಟಬಹುದಾ?
– ಓದುಗರು, ಹಾಸನ

ಉತ್ತರ: ಒಂದು ರೂಪಾಯಿಯೂ ಕಟ್ಟಬೇಡಿ. ಮಾರುವವರಿಂದಲೇ ಮುಂಗಡ ಕೇಳುವುದು ಮೋಸಗಾರರ ಹಳೇ ದಾರಿ. ವರ್ಗಾವಣೆಗೆ ಅವಕಾಶ ಇದೆಯಾ ಅಂತ ನೇರವಾಗಿ ಕಂಪನಿಯನ್ನೇ ಕೇಳಿ. ಈಗಾಗಲೇ ದುಡ್ಡು ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.